ಊರು ಬಿಟ್ಟವರ ಲೆಕ್ಕ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಹಳೆಯ ಊರುಗಳ ಚರಿತ್ರೆ ಬರೆಯುವುದು ನನ್ನ ಗೀಳು. ದೆವ್ವ ಕಂಡೆ ಎಂದವರನ್ನೂ "ಆಧಾರ ಏನು, ಯಾವ ಪುಟ?" ಎಂದು ಕೇಳಿ ರೇಗಿಸಿದವನು. ಹಾಗಾಗಿ ನೀವು ಇದನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನನ್ನ ತಾಯಿ ಸಾವಿತ್ರಿಯ ತವರು ಈಗಿನ ಪೀಣ್ಯದೊಳಗೆ ಕರಗಿಹೋದ ಒಂದು ಪುಟ್ಟ ಹಳ್ಳಿ. ಕಾರ್ಖಾನೆಗಳು ಬಂದಾಗ ಜಮೀನು ಹೋಗಿ ಜನ ದಿಕ್ಕಿಗೊಬ್ಬರಾದರು. ಅಮ್ಮ ಆಗ ಲಂಗ ತೊಡುವ ಹುಡುಗಿ. ಮತ್ತೆ ಅತ್ತ ಹೋಗಲಿಲ್ಲ. ಆದರೂ ಚಂದಾಪುರದ ನಮ್ಮ ಮನೆಯಲ್ಲಿ ಕೂತು ಅಲ್ಲಿನ ಹುರುಳಿ ಹೊಲ, ಕೆರೆ ಏರಿಯ ಗಾಳಿ ನೆನೆಯದ ದಿನವಿರಲಿಲ್ಲ.

ಹಳೆಯ ಜನಗಣತಿ ಪುಸ್ತಕಗಳಲ್ಲಿ ಆ ಊರನ್ನು ಹುಡುಕಿದೆ. ಸುತ್ತಲಿನ ಹಳ್ಳಿಗಳ ಜನಸಂಖ್ಯೆ ಏರಿ ಇಳಿದಿದ್ದರೆ ಈ ಊರಿನದು ಜನ ಗುಳೆ ಹೋದ ಕಾಲದಲ್ಲೂ ಇಳಿದಿರಲಿಲ್ಲ. ಜಾತಿಯ ಅಂಕಣದಲ್ಲಿ ಬೇರೆ ಊರಿನವರಿಗೆಲ್ಲ ಇಂಥ ಜನ ಎಂಬ ಹೆಸರಿದ್ದರೆ ಈ ಊರಿನವರಿಗೆ ಬರೀ "ಇತರರು". ಎಣಿಸಲು ಬಂದವರು ಹಿಂದಿನವರ ಲೆಕ್ಕವನ್ನೇ ನಕಲು ಹೊಡೆದಿರಬೇಕು ಅಂದುಕೊಂಡು ಅಮ್ಮನಿಗೆ ಓದಿ ಹೇಳಿದೆ. ಅವಳ ಮುಖ ಬಾಡಿತು.

"ಇತರರು ಅಂದ್ರೆ ಏನೋ? ಯಾರೂ ಅಲ್ಲ ಅಂತಾನಾ?"

ಆ ವಯಸ್ಸಿನಲ್ಲಿ ಅವಳು ಹಾಗೆ ಕೇಳಿದಾಗ ನನಗೆ ಸಂಕಟವಾಯಿತು. ಉತ್ತರ ತರಲೇಬೇಕೆಂದು ಒಂದು ಶುಕ್ರವಾರ ಮಧ್ಯಾಹ್ನ ಪೀಣ್ಯಕ್ಕೆ ಹೋದೆ.

ಲೇತ್ ಮಷೀನುಗಳ ಶೆಡ್ಡುಗಳ ನಡುವೆ ಊರಮ್ಮನ ಪುಟ್ಟ ಗುಡಿ ಉಳಿದಿತ್ತು. ಪಕ್ಕದ ಬೇವಿನ ಮರದ ನೆರಳಿನಲ್ಲಿ ಒಬ್ಬ ಅಜ್ಜಿ ಬಾಳೆಲೆಗಳ ಮೇಲೆ ತಂಬಿಟ್ಟಿನ ಉಂಡೆಗಳನ್ನು ಸಾಲಾಗಿ ಇಡುತ್ತಿದ್ದಳು. ಬಿಸಿಲಿಗೆ ಬೆವೆತಿದ್ದ ನಾನೂ ಆ ನೆರಳಲ್ಲಿ ಕೂತು, ಇಷ್ಟೊಂದು ಯಾರಿಗಜ್ಜಿ ಎಂದೆ.

"ತಲೆಗೊಂದು ಕಣಪ್ಪ. ಊರು ಬಿಟ್ಟೋರ್ಗೂ, ಕೊಟ್ಟ ಎಣ್ಮಕ್ಳಿಗೂ. ಜನ ಎಣಿಸೋರು ಬಂದಾಗ್ಲೂ ನಮ್ಮೋರು ಇಂಗೇ ಲೆಕ್ಕ ಹೇಳ್ತಿದ್ರು. ದೂರ ಇದ್ರೆ ಮನೆಯೋರಲ್ವಾ?"

ನನಗೆ ನಗು ಬಂತು. ಅಂಕಿ ಇಳಿಯದಿದ್ದದ್ದು ಇದಕ್ಕೆ! ಹಾಗಾದರೆ ಜಾತಿ ಏನಂತ ಬರೆಸಿದರು ಎಂದೆ.

"ಊರಮ್ಮನ ಒಕ್ಕಲು ಅಂತಿದ್ರು ಎಲ್ರೂ. ಅಂಗಂತ ಬರ್ಕೊಳ್ಳಾಕೆ ಅವ್ರ ಕಾಗ್ದದಾಗೆ ಜಾಗ ಇರ್ನಿಲ್ವಂತೆ."

ಹೊರಡಲು ಎದ್ದಾಗ ಒಂದು ಉಂಡೆಯನ್ನು ಎಲೆಯ ಚೂರಿನಲ್ಲಿ ಸುತ್ತಿ ಕೈಗಿಟ್ಟಳು. "ಇದು ಸಾವಿತ್ರಿದು. ವರ್ಸಾ ವರ್ಸಾ ಇಲ್ಲೇ ಉಳ್ಕಂತಿತ್ತು. ಕೊಟ್ಬುಡು."

ಅಮ್ಮನ ಹೆಸರನ್ನು ನಾನು ಎತ್ತಿರಲೇ ಇಲ್ಲ. ಮುಖದ ಕಳೆ ನೋಡಿ ಗುರುತು ಹಿಡಿದಿರಬೇಕು ಎಂದು ಸಮಾಧಾನ ಮಾಡಿಕೊಂಡು ಬಸ್ಸು ಹತ್ತಿದೆ.

ಅಜ್ಜಿ ಹೇಳಿದ್ದನ್ನೆಲ್ಲ ಕೇಳುತ್ತ ಅಮ್ಮ ತಂಬಿಟ್ಟು ಮುರಿದು ಬಾಯಿಗಿಟ್ಟಳು. ಕಣ್ಣಲ್ಲಿ ನೀರು. "ನನ್ನೂ ಲೆಕ್ಕಕ್ಕೆ ಇಟ್ಕೊಂಡವ್ರಲ್ಲೋ" ಎಂದಳು. ಅವಳನ್ನು ಅಷ್ಟು ಸಂತೋಷದಲ್ಲಿ ನಾನು ಮೊದಲೆಂದೂ ಕಂಡಿರಲಿಲ್ಲ.

ಆ ಅಜ್ಜಿಯನ್ನು ನೋಡಲೇಬೇಕೆಂದು ಹಟ ಹಿಡಿದಳು. ಮುಂದಿನ ವಾರ ಕರೆದುಕೊಂಡು ಹೋದೆ. ಗುಡಿ ಇತ್ತು. ಮರ ಇರಲಿಲ್ಲ, ಬೊಡ್ಡೆ ಕೂಡ ಇರಲಿಲ್ಲ. ಎದುರಿನ ಶೆಡ್ಡಿನವನನ್ನು ವಿಚಾರಿಸಿದೆ.

"ಬೇವಿನ ಮರಾನಾ ಸಾರ್? ರೋಡ್ ಅಗಲ ಮಾಡ್ದಾಗ್ಲೇ ಕಡಿದ್ಬಿಟ್ರಲ್ಲ, ಎಷ್ಟೋ ವರ್ಷ ಆಯ್ತು. ಅಜ್ಜಿ ಗಿಜ್ಜಿ ಯಾರೂ ಬರಲ್ಲ, ನಾನ್ ದಿನಾ ಇಲ್ಲೇ ಇರ್ತೀನಿ."

ದಾರಿ ತಪ್ಪಿತೇನೋ ಎಂದು ಸುತ್ತಲಿನ ರಸ್ತೆಗಳನ್ನೆಲ್ಲ ಅಲೆದು ಬಂದೆ. ಅಷ್ಟರಲ್ಲಿ ಅಮ್ಮ, ಚಿಕ್ಕಂದಿನಲ್ಲಿ ತಾನು ಆಡುತ್ತಿದ್ದ ಮರ ಇಲ್ಲೇ ಇತ್ತು ಎಂದು ಕೈ ತೋರಿಸಿದಳು. ನಾನು ನೆರಳಿಗೆಂದು ಕೂತಿದ್ದ ಜಾಗವೇ ಅದು. ಕನಸು ಎನ್ನೋಣವೆಂದರೆ ಅಮ್ಮ ತಿಂದ ತಂಬಿಟ್ಟು ಎಲ್ಲಿಂದ ಬಂತು? ಎಷ್ಟು ತಲೆ ಕೆಡಿಸಿಕೊಂಡರೂ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಅಮ್ಮ ತೀರಿಕೊಂಡ ಮೇಲೆ ಒಂದು ದಿನ ಸಮೀಕ್ಷೆಗೆಂದು ಶಾಲೆಯ ಟೀಚರೊಬ್ಬರು ಮನೆಗೆ ಬಂದರು. "ಮನೇಲಿ ಎಷ್ಟು ಜನ ಸಾರ್?" ಎಂದು ಕೇಳಿದರು. ಅಂಕಿಗಳ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟಿನ ಮನುಷ್ಯ. ಆದರೂ ಅಮ್ಮನನ್ನು ಸೇರಿಸಿಯೇ ಹೇಳಿದೆ.