ಮರ್ಯಾದೆಯ ಬಾಕಿ

ಯೊಸು ಬಂದರಿನ ಹಿಂದಿನ ಸಂತೆಸಾಲಿನಲ್ಲಿ ಸಮುದ್ರಪಾಚಿಯ ಹಾಳೆ ಸುಟ್ಟು ಮಾರುವ ಮಾಲ್ಸುನಳಿಗೆ ಒಂದೇ ಒಂದು ಚಟ. ಪ್ರಶ್ನೆ ಕೇಳುವುದು. ಎಳ್ಳೆಣ್ಣೆ ಸವರಿದ ಹಾಳೆಯನ್ನು ಕಾವಲಿಯ ಮೇಲೆ ಮಗುಚುತ್ತಲೇ, ಗಿರಾಕಿಯ ಮಗಳ ಮದುವೆ ಏಕೆ ಮುರಿಯಿತು ಎಂಬುದನ್ನು ಬೇರುಸಮೇತ ತಿಳಿದುಕೊಂಡು ಬಿಡುತ್ತಿದ್ದಳು. ಚರ್ಚಿನಲ್ಲೂ ಅದೇ ಕಥೆ. ಬುಧವಾರದ ಪಾಠಕ್ಕೆ ಅವಳು ಮುಂದಿನ ಸಾಲಿನಲ್ಲಿ ಬಂದು ಕೂತಳೆಂದರೆ ಪಾಸ್ಟರ್ ಪ್ಯೊ ಬೆವರೊರೆಸಲು ಕರವಸ್ತ್ರ ಹುಡುಕುತ್ತಿದ್ದರು.

ಆ ವಸಂತದಲ್ಲಿ ಪಾಠ ಪೌಲನ ಪತ್ರದ ತೆರಿಗೆಯ ಮಾತಿಗೆ ಬಂತು. ತೆರಿಗೆ ಯಾರಿಗೆ ಸಲ್ಲಬೇಕೋ ಅವರಿಗೆ ತೆರಿಗೆ, ಮರ್ಯಾದೆ ಯಾರಿಗೆ ಸಲ್ಲಬೇಕೋ ಅವರಿಗೆ ಮರ್ಯಾದೆ. ತೆರಿಗೆ ವಸೂಲಿಗೆ ಕೂತವರೂ ದೇವರ ಸೇವಕರೇ ಎಂದು ಪಾಸ್ಟರ್ ವಿವರಿಸಿದರು. ಮಾಲ್ಸುನ್ ಕೈಯೆತ್ತಿದಳು.

"ಪಾಸ್ಟರೇ, ಒಂದ್ನಿಮಿಷ. ಆ ತೆರಿಗೆ ತಗೋತಿದ್ದ ರೋಮಿನ ದೊರೆಗಳೇ ಅಲ್ವಾ ಪೌಲನ ತಲೆ ತೆಗೆದಿದ್ದು? ತಲೆ ತೆಗೆಯೋರಿಗೂ ತೆರಿಗೆ ಕಟ್ಬೇಕಾ?"

"ದೊರೆ ಒಳ್ಳೆಯವನು ಅಂತ ಪೌಲ ಹೇಳ್ಲಿಲ್ಲಮ್ಮ. ಕೊಡ್ಬೇಕಾದ್ದು ಕೊಡಿ ಅಂದ. ತಗೊಳ್ಳೋನು ಎಂಥೋನು ಅಂತ ನೋಡ್ಕೊಂಡು ನಾವು ಪ್ರಾಮಾಣಿಕರಾಗೋದಾ?"

"ಅದಿರ್ಲಿ. ಆ ಆಫೀಸಲ್ಲಿ ಕೂತಿರೋರು ದೇವರ ಸೇವಕರು ಅಂದ್ರಲ್ಲ, ನಿಮ್ಮ ಹಾಗೇನಾ?"

"ಒಂದು ಲೆಕ್ಕದಲ್ಲಿ ಹಾಗೇ ಅನ್ನಿ" ಎಂದು ಪಾಸ್ಟರ್ ಕರವಸ್ತ್ರ ತೆಗೆದರು. ಎಲ್ಲರೂ ಗೊಳ್ಳೆಂದು ನಕ್ಕರು.

ಮಾಲ್ಸುನ್ ಮಾತ್ರ ನಗಲಿಲ್ಲ. ದೇವರ ಸೇವಕ ಹೇಗಿರುತ್ತಾನೆ ಎಂದು ನೋಡದೆ ಅವಳಿಗೆ ನಿದ್ದೆ ಬರುವಂತಿರಲಿಲ್ಲ. ಮರುದಿನವೇ ಅಂಗಡಿಯನ್ನು ಪಕ್ಕದ ದೊಕ್ಜಾಳ ಸುಪರ್ದಿಗೆ ಬಿಟ್ಟು ತೆರಿಗೆ ಆಫೀಸಿಗೆ ಹೊರಟಳು. ದೇವರ ಸೇವಕ ಕನ್ನಡಕ ಹಾಕಿಕೊಂಡಿದ್ದ ಸಣಕಲು ಹುಡುಗ. ಟೈ ಮೇಲೆ ಹಲ್ಲುಪೇಸ್ಟಿನ ಕಲೆ ಬೇರೆ. ಮಾಲ್ಸುನ್ ಸೊಂಟ ಬಗ್ಗಿಸಿ ನಮಸ್ಕರಿಸಿ, ಎರಡೂ ಕೈಯಲ್ಲಿ ಪಾಚಿಹಾಳೆಯ ಪೊಟ್ಟಣ ಚಾಚಿದಳು. ಆತ ಹಾವು ಕಂಡವನಂತೆ ಹಿಂದೆ ಸರಿದ. "ಅಯ್ಯೋ ಅಮ್ಮಾ, ಇದೆಲ್ಲ ನಾವು ಮುಟ್ಟೋ ಹಾಗಿಲ್ಲ!" ಅವಳಿಗೆ ಅದು ಬಹಳ ಹಿಡಿಸಿತು. ಸೇವಕನೆಂದರೆ ಹೀಗಿರಬೇಕು ಅಂದುಕೊಂಡಳು. ಇನ್ನು ಮೇಲೆ ನಗದು ವ್ಯಾಪಾರವನ್ನೂ ಮುಚ್ಚಿಡದೆ ತೋರಿಸುತ್ತೇನೆ, ದಾರಿ ಹೇಳಪ್ಪ ಎಂದಳು. ಹುಡುಗ ಗುರುತಿನ ಚೀಟಿ ಈಸಿಕೊಂಡು ಗಟ್ಟಿಯಾಗಿ ಓದಿದ: "ಹುಟ್ಟಿದ್ದು ಐವತ್ತೊಂಬತ್ತನೇ ಇಸವಿ, ಅಲ್ವಾ?"

ಮಾಲ್ಸುನ್ ಥಟ್ಟನೆ ಹಿಂತಿರುಗಿ ನೋಡಿದಳು. ಸಂತೆಸಾಲಿನವರು ಯಾರೂ ಇರಲಿಲ್ಲ, ಸದ್ಯ. ಏಕೆಂದರೆ ಸಂತೆಯ ಲೆಕ್ಕದಲ್ಲಿ ಅವಳು ಹುಟ್ಟಿದ್ದು ಐವತ್ತೈದರಲ್ಲಿ. ಗಂಡ ತೀರಿಕೊಂಡ ಮೇಲೆ ಹೊಸದಾಗಿ ಅಂಗಡಿ ಹಾಕಿದ ದಿನ, ಒಣ ಸಣ್ಣಮೀನು ಮಾರುವ ದೊಕ್ಜಾ ಎಲ್ಲರೂ ಕೇಳುವುದನ್ನೇ ಕೇಳಿದ್ದಳು: ಯಾವ ವರ್ಷದವರು? ಅಲ್ಲಿ ಒಂದೊಂದು ವರ್ಷಕ್ಕೂ ಒಂದೊಂದು ಪ್ರಾಣಿಯ ಹೆಸರು. ಚಿಕ್ಕವಳೆಂದರೆ ತುಳಿದಾರು ಎಂಬ ಹೆದರಿಕೆಗೆ, ಹಂದಿ ವರ್ಷದ ಮಾಲ್ಸುನ್ ಕುರಿ ವರ್ಷ ಎಂದುಬಿಟ್ಟಳು. ನಾಲ್ಕು ವರ್ಷ ಕೂಡಿಸಿ ಹೇಳಿದ ಸುಳ್ಳು. ಅವೆರಡರ ನಡುವಿನ ಕೋಳಿ ವರ್ಷದ ದೊಕ್ಜಾ, ನಿಜಕ್ಕೂ ತಾನೇ ಎರಡು ವರ್ಷ ಹಿರಿಯಳಾದರೂ, ಅಂದಿನಿಂದ ಅವಳನ್ನು ಅಕ್ಕ ಎಂದು ಕರೆದಳು. ಹೊಸವರ್ಷಕ್ಕೆ ಅಡ್ಡಬಿದ್ದಳು. ದಿನವೂ ಬೆಳಿಗ್ಗೆ ಕಾಫಿ ಕಲಸಿ, ಹಿರಿಯರಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ ತಂದುಕೊಟ್ಟಳು. ಮೂವತ್ತು ವರ್ಷ ಮಾಲ್ಸುನ್ ಅದನ್ನು ಒಂದು ಕೈಯಲ್ಲಿ ತೆಗೆದುಕೊಂಡು ಕುಡಿದಳು.

ಇಷ್ಟೆಲ್ಲ ಇಟ್ಟುಕೊಂಡು ಅವಳು ಆಫೀಸಿನಿಂದ ಎದೆಯುಬ್ಬಿಸಿ ಬಂದಳು ನೋಡಿ! ಗಿರಾಕಿ ಬೇಡವೆಂದರೂ ಕರೆದು ರಸೀದಿ ಕೊಡತೊಡಗಿದಳು. ನಗದು ಕೊಟ್ಟವರಿಗೆ ಸ್ವಲ್ಪ ಇಳಿಸಿ, ರಸೀದಿಯ ಮಾತೆತ್ತದೆ ಮಾರುವುದು ಆ ಸಾಲಿನ ಹಳೆಯ ರೂಢಿ. ದೊಕ್ಜಾಳಿಗೆ ಮೈಯೆಲ್ಲ ಉರಿಯಿತು.

"ಅಕ್ಕ, ನಿಮಗೇನಾಗಿದೆ? ಪಕ್ಕದಂಗಡೀಲಿ ರಸೀದಿ ಕೊಡ್ತಾರೆ, ನೀನ್ಯಾಕೆ ಕೊಡಲ್ಲ ಅಂತ ಎಲ್ಲ ನನ್ನ ಕೇಳ್ತಾರೆ. ಮೀನು ಒಣಗೋ ಮೊದ್ಲು ನಾನೇ ಒಣಗಿ ಹೋಗ್ತೀನಿ!"

"ದೇವರಿಗೆ ಹೆದರ್ಕೊ ದೊಕ್ಜಾ" ಎಂದಳು ಮಾಲ್ಸುನ್.

ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಬುಧವಾರದ ಪ್ರಾರ್ಥನೆಯಲ್ಲಿ ಎದ್ದು ನಿಂತು, "ಸರ್ಕಾರದ ಹಣ ನುಂಗ್ತಾ ಇರೋ ನಮ್ಮ ಸಾಲಿನ ಒಬ್ಬ ಸಹೋದರಿಗಾಗಿ ಬೇಡ್ಕೊಳ್ಳೋಣ" ಎಂದಳು. ಹೆಸರು ಹೇಳಬೇಕಾಗಿಯೇ ಇರಲಿಲ್ಲ. ಎಲ್ಲರ ಕತ್ತೂ ಹಿಂದೆ ಕೂತಿದ್ದ ದೊಕ್ಜಾಳ ಕಡೆ ತಿರುಗಿತು. ಅವಳು ಚೀಲ ಎತ್ತಿಕೊಂಡು ಹೊರಟುಹೋದಳು.

ಮರುದಿನ ಎರಡು ಅಂಗಡಿಗಳ ನಡುವೆ ನೀಲಿ ಟಾರ್ಪಾಲು ಇಳಿಬಿದ್ದಿತ್ತು. ಕಾಫಿ ಬರಲಿಲ್ಲ. ಆಚೆಯಿಂದ ಒಂದೇ ಲೋಟದಲ್ಲಿ ಚಮಚ ಆಡುವ ಸದ್ದು ಕೇಳಿಸಿತು. ಊರಿನವರ ಮನೆಯೊಳಗೆಲ್ಲ ಕಣ್ಣಿಟ್ಟವಳಿಗೆ ಈಗ ಮೂರಡಿ ಆಚೆ ಏನು ನಡೆದಿದೆ ಎಂದು ತಿಳಿಯದು! ದೊಕ್ಜಾ ಉಂಡಳೋ, ಅತ್ತಳೋ, ಅವಳ ಮಂಡಿನೋವು ಹೇಗಿದೆಯೋ. ಟಾರ್ಪಾಲಿನಲ್ಲಿ ತೂತಿದೆಯೇ ಎಂದೂ ಹುಡುಕಿದಳು. ಇರಲಿಲ್ಲ. ದೊಕ್ಜಾ ಇಲ್ಲದ ದಿನ ಇಷ್ಟು ಉದ್ದವಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳನ್ನು ಕಳೆದುಕೊಂಡೇಬಿಟ್ಟೆನೇನೋ ಎಂದು ಹೆದರಿದಳು.

ಪಾಸ್ಟರ್ ಹತ್ತಿರ ಹೋಗಿ ಕೇಳಿದಳು: "ಆ ಮಾತಿನ ಉಳಿದರ್ಧ ಇದ್ಯಲ್ಲ, ಮರ್ಯಾದೆದು. ಅದನ್ನ ಯಾರು ವಸೂಲಿ ಮಾಡ್ತಾರೆ?"

"ಅದಕ್ಕೆ ಆಫೀಸು ಇಲ್ಲಮ್ಮ. ಎಷ್ಟು ಬಾಕಿ ಇದೆ ಅಂತ ನಾವೇ ಬಾಯ್ಬಿಟ್ಟು ಹೇಳ್ಕೋಬೇಕು."

ಮಾಲ್ಸುನ್ ಜೀವಮಾನದಲ್ಲಿ ಮೊದಲ ಸಲ ಮರುಪ್ರಶ್ನೆ ಕೇಳದೆ ಎದ್ದು ಬಂದಳು.

ಅಂಗಡಿಗೆ ಬಂದವಳೇ ಕಾಫಿ ಕಲಸಿದಳು. ಟಾರ್ಪಾಲಿನ ಕೆಳಗಿನಿಂದ ಎರಡೂ ಕೈಯಲ್ಲಿ ಲೋಟ ತೂರಿಸಿ ಹಿಡಿದಳು.

"ಏನದು?" ಆಚೆಯ ದನಿ ಗಡುಸಾಗಿತ್ತು.

"ನಾನು ಕುರಿ ವರ್ಷದೋಳಲ್ಲ. ಹಂದಿ ವರ್ಷದೋಳು. ನೀವೇ ದೊಡ್ಡೋರು. ಸುಳ್ಳು ಹೇಳಿದ್ದೆ."

ಆಚೆ ಚಮಚ ಲೋಟದೊಳಗೆ ಟಣ್ಣನೆ ಬಿತ್ತು. ಆಮೇಲೆ ಇಡೀ ಸಾಲಿಗೆ ಕೇಳುವಂತೆ ಸಿಡಿಯಿತು:

"ಮೂವತ್ತು ವರ್ಷ! ಹೊಸವರ್ಷಕ್ಕೆಲ್ಲ ನಿನ್ನ ಕಾಲಿಗೆ ಬಿದ್ದು ಮಂಡಿ ಸವೆಸ್ಕೊಂಡ್ನಲ್ಲೇ! ನಾನು ಸರ್ಕಾರದ ದುಡ್ಡು ನುಂಗ್ದೆ ಅಂದ್ಯಲ್ಲ, ನೀನು ನನ್ನನ್ನೇ ನುಂಗಿದ್ಯಲ್ಲೇ!"

ಲೋಟವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಮಾಲ್ಸುನ್ ಕೈ ನೋಯುವವರೆಗೂ ಹಿಡಿದಿದ್ದು, ಆರಿದ ಕಾಫಿಯನ್ನು ತಾನೇ ಕುಡಿದಳು.

ಬುಧವಾರ ಬಂತು. ದೊಕ್ಜಾಳ ಜಾಗ ಖಾಲಿ ಇತ್ತು. ಪ್ರಾರ್ಥನೆಯ ಹೊತ್ತಿಗೆ ಮಾಲ್ಸುನ್ ಎದ್ದಳು. "ಹೋದ ಸಲ ಒಬ್ಬ ಸಹೋದರಿಗಾಗಿ ಬೇಡ್ಕೊಳ್ಳಿ ಅಂದಿದ್ನಲ್ಲ. ದೊಡ್ಡ ಕಳ್ಳಿ ಅವಳಲ್ಲ, ನಾನು" ಎಂದು, ಕುರಿ ಹಂದಿ ಕೋಳಿ ಎಲ್ಲವನ್ನೂ ಹೇಳಿ ಕೂತಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾಚಿಕೆಯಿಂದ ಅವಳು ಆಮೇಲೆ ತಲೆ ಎತ್ತಲಿಲ್ಲ.

ಸುದ್ದಿ ರಾತ್ರಿಯೇ ಸಾಲಿಗೆ ಮುಟ್ಟಿತ್ತೇನೋ, ಬೆಳಿಗ್ಗೆ ಅಂಗಡಿಗೆ ಬಂದರೆ ಟಾರ್ಪಾಲು ನೀಟಾಗಿ ಮಡಚಿ ಅವಳ ಸ್ಟೂಲಿನ ಮೇಲೆ ಕೂತಿತ್ತು. ದೊಕ್ಜಾ ಮೀನಿನ ರಾಶಿಯ ಹಿಂದೆ ಕಾಲು ಚಾಚಿಕೊಂಡು, ಎಂದೂ ಇಲ್ಲದ ಗತ್ತಿನಲ್ಲಿ ಕೂತಿದ್ದಳು.

"ಆ ರಸೀದಿ ಪುರಾಣ ನನ್ನ ಹತ್ರ ತೆಗೆದ್ರೆ ನೋಡು, ನಾಲಿಗೆ ಸುಟ್ಬಿಡ್ತೀನಿ" ಎಂದಳು. ಆಮೇಲೆ ಒಂದು ಕೈ ಮುಂದೆ ಚಾಚಿದಳು. "ಏನೇ ಮಾಲ್ಸುನ್, ಕಾಫಿ ಎಲ್ಲೇ?"

ಮೂವತ್ತು ವರ್ಷಗಳಲ್ಲಿ ಆ ಸಾಲಿನಲ್ಲಿ ಯಾರೂ ಅವಳನ್ನು ಹಾಗೆ, ತಂಗಿಯನ್ನು ಕರೆದಂತೆ ಬರೀ ಹೆಸರು ಹಿಡಿದು ಕರೆದಿರಲಿಲ್ಲ. ಮಾಲ್ಸುನಳ ಕಣ್ಣು ತುಂಬಿ ಬಂತು. ಅವಸರದಲ್ಲಿ ಬಿಸಿನೀರು ಬೆರಳ ಮೇಲೆ ಚೆಲ್ಲಿಕೊಂಡಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, "ತಗೊಳ್ಳಿ ಅಕ್ಕಾ" ಎಂದಳು.