ಅಂಚೆಯವನು ಕಾಣದ ಮೀನು

"ನನ್ನ ಕಣ್ಣು ಕಟ್ಟಿ ಬಿಡಿ ಭಾವ, ಈ ಬಡಾವಣೇಲಿ ಯಾವ ಮನೆಗೆ ಬೇಕಾದ್ರೂ ಕರ್ಕೊಂಡು ಹೋಗ್ತೀನಿ" ಎಂದ ನನ್ನ ಹೆಂಡತಿಯ ತಮ್ಮ. ಮೂವತ್ತೈದು ವರ್ಷ ಅಲ್ಲೇ ಅಂಚೆ ಹಂಚಿ ನಿವೃತ್ತನಾದವನು. ಅವನು ತುಳಿದ ತುಳಿತಕ್ಕೆ ಆ ಬೀದಿಗಳು ಒಂದು ಮೊಳ ತಗ್ಗಿವೆ. ಮದುವೆಗೆ ಮುಂಚೆ ನಾನೂ ಅಲ್ಲೇ ಬಾಡಿಗೆಗಿದ್ದೆ, ಈಗ ನನಗೆ ಗುರುತೇ ಸಿಗದು.

ಹತ್ತು ದೇಶದ ಜನರಿರುವ ಆ ಬಡಾವಣೆಯನ್ನು ನೋಡಲು ಬಂದವರಿಗೆ ಕೊಡುವ ನಕ್ಷೆ ಹಿಡಿದು ನಾವೇ ಸುತ್ತುವುದೆಂದು ಹೊರಟಿದ್ದೆವು: ಗೋಡೆಯ ಚಿತ್ರಗಳು, ತಿಂಡಿ ಅಂಗಡಿಗಳು, ಕೊನೆಗೆ ಹೊಸ ಸಂಗೀತ ಶಾಲೆ. ಅಲ್ಲಿ ಐದು ಗಂಟೆಗೆ ಅವನ ಮೊಮ್ಮಗಳ ಮೊದಲ ಹಾಡು. "ತಾತ, ನೀನು ಮುಂದಿನ ಸಾಲಲ್ಲಿ ಇಲ್ದಿದ್ರೆ ನಾನು ಬಾಯೇ ಬಿಡಲ್ಲ" ಎಂದಿದ್ದಳು.

"ನೀಲಿ ಮೀನಿನ ಗೋಡೆಯ ಬಳಿ ಎಡಕ್ಕೆ" ಎಂದಿತ್ತು ನಕ್ಷೆ.

"ಇಲ್ಲಿ ಮೀನೆಲ್ಲಿದೆ ಭಾವ?" ಎಂದು ಅವನು ತಬ್ಬಿಬ್ಬಾದ. ಮೂರು ಅಂತಸ್ತಿನ ಮೀನು ಅವನ ನೆತ್ತಿಯ ಮೇಲೇ ಬಾಯಿ ತೆರೆದಿತ್ತು. ಮನೆ ನಂಬರು ಬಿಟ್ಟು ಅವನು ಏನನ್ನೂ ನೋಡಿದವನಲ್ಲ. ಅವನ ಕಾಲು ಎರಡು ಸಲ ನಮ್ಮನ್ನು ಅಂಚೆ ಕಚೇರಿಯ ಬಾಗಿಲಿಗೇ ತಂದು ನಿಲ್ಲಿಸಿತು. ನಕ್ಷೆಯನ್ನು ತಲೆಕೆಳಗೆ ಹಿಡಿದು ನಡೆದೆವು. ಆಗಲೂ ಅಂಚೆ ಕಚೇರಿಯೇ! ಐದಕ್ಕೆ ಇನ್ನು ಹತ್ತೇ ನಿಮಿಷ. ಅವನ ಮುಖ ಬಾಡಿತು.

ಬ್ರೆಡ್ಡು ಮಾರುತ್ತಿದ್ದವಳನ್ನು ಕೇಳಿದೆ. "ಸಂಗೀತ ಶಾಲೆನಾ? ನಂಬರು ಇನ್ನೂರ ಹದಿನಾಲ್ಕು" ಎಂದಳು.

ಅವನು ಬಾಣದಂತೆ ಹೊರಟ. ಮೊಮ್ಮಗಳು ವೇದಿಕೆ ಹತ್ತುವ ಮೊದಲೇ ಮುಂದಿನ ಸಾಲಿನಲ್ಲಿದ್ದೆವು.

"ಮೂವತ್ತೈದು ವರ್ಷದಲ್ಲಿ ಒಂದು ಸಲಾನೂ ತಲೆ ಎತ್ತಲಿಲ್ವೇನಯ್ಯಾ?" ಎಂದು ಕೆಣಕಿದೆ.

"ಎತ್ತಿದ್ರೆ ನಂಬರು ತಪ್ಪಿ, ನಮ್ಮಕ್ಕ ನಿಮ್ಮನ್ನ ಒಪ್ಪಿ ಬರೆದ ಕಾಗದ ನಿಮ್ಮ ಪಕ್ಕದ ಮನೆಯವನಿಗೆ ಸೇರ್ತಿತ್ತು. ಇವತ್ತು ಅವನೇ ನನಗೆ ಭಾವ ಆಗಿರ್ತಿದ್ದ."