ಗಂಟೆಗೆ ಮೂವತ್ತು

ಅವಲಪಲ್ಲಿಯ ಯತಿರಾಜ್ ಹೊಸೂರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದ. ಮೂರು ಭಾಷೆ ಬೆರೆತ ಆ ಜಾಗದಲ್ಲಿ ಬಾಯಿಮಾತು ಎಡವಟ್ಟಾಗುತ್ತದೆಂದು ಮ್ಯಾನೇಜರ್ ಉಮಾಶಂಕರ್ ಒಂದು ಪದ್ಧತಿ ಹಾಕಿದ್ದರು. ಏನಿದ್ದರೂ ಮೇಲ್ ಬರೆಯಬೇಕು, ಎಲ್ಲರ ಹೆಸರಿಗೂ ಕಳಿಸಬೇಕು. ಕಳಿಸಿದರೆ ಹೇಳಿದಂತೆಯೇ.

೨೦೦೪ರಲ್ಲಿ ಕಚೇರಿಯ ಕಂಪ್ಯೂಟರಿಗೆ ವೈರಸ್ ತಗುಲಿ ಸಾವಿರಾರು ಕಸದ ಮೇಲ್‌ಗಳು ಹೊರಬಿದ್ದವು. ಹೊರಗಿನವರು ಕಾರ್ಖಾನೆಯ ಮೇಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು.

“ಇನ್ನೊಂದ್ ಸಲ ಹಿಂಗಾದ್ರೆ ನಿನ್ ದಾರಿ ನೀನ್ ನೋಡ್ಕೊ,” ಎಂದರು ಉಮಾಶಂಕರ್.

ಯತಿರಾಜ್ ವಾರವೆಲ್ಲ ಕುಳಿತು ಒಂದು ಪುಟ್ಟ ಪ್ರೋಗ್ರಾಂ ಬರೆದ. ಅದು ಸರ್ವರಿನೊಳಗೆ ಸದಾ ಎಚ್ಚರವಾಗಿದ್ದು, ಒಬ್ಬರಿಂದ ಗಂಟೆಗೆ ಮೂವತ್ತು ಮೇಲ್ ಮಾತ್ರ ಬಿಟ್ಟು, ಉಳಿದವನ್ನು ಅವನೇ ನೋಡಿ ಬಿಡುವವರೆಗೆ ತಡೆದಿಡುತ್ತಿತ್ತು. ಸೋಮವಾರ ಹನ್ನೊಂದಕ್ಕೆ ಅದನ್ನು ಓಡಿಸಿ, ನೆಮ್ಮದಿಯಿಂದ ಕಾಫಿಗೆ ಎದ್ದ. ಕಾರ್ಖಾನೆಯ ನಲವತ್ತೆಂಟು ಜನರಿಗೆ ಬರೆದ ಒಂದೇ ಮೇಲ್ ಅದರ ಪಾಲಿಗೆ ನಲವತ್ತೆಂಟು ಎಂಬುದು, ಆ ಪದ್ಧತಿಯನ್ನು ದಿನವೂ ಕಂಡವನಿಗೇ ಹೊಳೆಯಲಿಲ್ಲ.

ಹನ್ನೆರಡಕ್ಕೆ ರಿಪೇರಿಯ ಕದಿರಪ್ಪ ಎಲ್ಲರಿಗೂ ಬರೆದ: ತಗಡು ಒತ್ತುವ ನಾಲ್ಕನೆಯ ಪ್ರೆಸ್‌ನಲ್ಲಿ ಕೈ ಅಡ್ಡ ಬಂದರೆ ನಿಲ್ಲಿಸುವ ಸೆನ್ಸರ್ ಕೆಟ್ಟಿದೆ, ಯಾರೂ ಓಡಿಸಬೇಡಿ. ಮೂರು ಗಂಟೆಗೆ ಅದೇ ಪ್ರೆಸ್ಸು ಅದನ್ನು ಓಡಿಸುತ್ತಿದ್ದ ರಾಯಕೋಟೆಯ ವೆಂಕಟೇಶಪ್ಪನ ಮೂರು ಬೆರಳು ತೆಗೆಯಿತು.

ಮರುದಿನ ವಿಚಾರಣೆ. ಪ್ರೆಸ್ ಓಡಿಸಲು ಹೇಳಿದ್ದ ಸೂಪರ್‌ವೈಸರ್ ಮುನಿಯಲ್ಲಪ್ಪ ಎದುರು ನಿಂತಿದ್ದ.

“ಮಕ್ಕಳಾಣೆಗೂ ಆ ಮೇಲ್ ನಂಗೆ ಬಂದಿಲ್ಲ ಸಾರ್!”

“ಕಳಿಸಿದ್ ಪಟ್ಟೀಲಿ ನಿನ್ ಹೆಸ್ರು ಐತಲ್ಲೋ! ಓದಾಕೆ ಸೋಮಾರಿತನ ಕಣ್ಲಾ ನಿಂಗೆ,” ಎಂದ ಕದಿರಪ್ಪ.

ಮುನಿಯಲ್ಲಪ್ಪನನ್ನು ಕೆಲಸದಿಂದ ತೆಗೆಯುವುದೆಂದಾಯಿತು. ಯತಿರಾಜ್ ಸರ್ವರ್ ತೆರೆದು ನೋಡಿದ. ತಡೆದಿಟ್ಟ ಹದಿನೆಂಟರಲ್ಲಿ ನಾಲ್ಕನೆಯದು ಮುನಿಯಲ್ಲಪ್ಪನ ಹೆಸರಿನದು. ಅಳಿಸಿದರೆ ಲೋಕಕ್ಕೆ ತಿಳಿಯದು. ಆದರೂ ಪ್ರಿಂಟ್ ತೆಗೆದುಕೊಂಡು ಹೋದ.

ಉಮಾಶಂಕರ್ ಬಾಗಿಲು ಹಾಕಿಸಿದರು. “ಅಳ್ಸ್‌ಬುಡು ಇದ್ನ. ಅವನ್ನ ಹೆಂಗೂ ತೆಗ್ದಾಯ್ತು. ನೀನಾದ್ರೂ ಉಳ್ಕೊ.”

“ಮೊದ್ಲು ಅವನ್ಗೇ ತೋರಿಸ್‌ಬಂದೆ ಸಾರ್.”

ಸಂಜೆಗೆ ಮುನಿಯಲ್ಲಪ್ಪ ಉಳಿದ, ಯತಿರಾಜ್ ಹೊರಬಿದ್ದ. ನೇರವಾಗಿ ಆಸ್ಪತ್ರೆಗೆ ಹೋಗಿ, ವೆಂಕಟೇಶಪ್ಪನ ಮಂಚದ ಪಕ್ಕ ನಿಂತು, ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ. ವೆಂಕಟೇಶಪ್ಪ ಕಟ್ಟು ಹಾಕಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಕೇಳಿದ.

“ಈಗ ಸರಿಯಾಯ್ತಾ ಯತಿರಾಜಣ್ಣ, ನಿನ್ ಪ್ರೋಗ್ರಾಮು?”

“ಆಯ್ತಪ್ಪ. ಬರೋಕ್ ಮುಂಚೆ ಎರಡ್ ಸಾಲು ತಿದ್ದಿ ಬಂದೆ.”

“ಎರಡೇ ಸಾಲಾ,” ಎಂದು ವೆಂಕಟೇಶಪ್ಪ ಗೋಡೆಯ ಕಡೆಗೆ ಹೊರಳಿಕೊಂಡ.